ಮತಗಟ್ಟೆಯ ಮೇಜಿನ ಆ ಬದಿ

ಒಮಾನಿನಲ್ಲಿ 2023ರ ಅಕ್ಟೋಬರ್ 29ರಂದು ಮಜ್ಲಿಸ್ ಅಲ್ ಶೂರಾದ 90 ಸ್ಥಾನಗಳಿಗೆ ಚುನಾವಣೆ ನಡೆಯಿತು. ಅಂದು ಭಾನುವಾರ, ಇಲ್ಲಿ ಕೆಲಸದ ದಿನ. ಮಸ್ಕತ್ತಿನ ರಸ್ತೆಗಳಲ್ಲಿ ಎಲ್ಲಿಯೂ ಮತದಾರರ ಸಾಲು ಕಾಣಲಿಲ್ಲ. ನಮ್ಮ ಹೊರರೋಗಿ ವಿಭಾಗದ ಒಮಾನಿ ಶುಶ್ರೂಷಕಿ ಇಬ್ಬರು ರೋಗಿಗಳ ನಡುವಿನ ಬಿಡುವಿನಲ್ಲಿ ತನ್ನ ಗುರುತಿನ ಚೀಟಿಯನ್ನು ಮೊಬೈಲಿನ ಬೆನ್ನಿಗೆ ಹಿಡಿದು, ಮುಖವನ್ನು ಕ್ಯಾಮೆರಾಕ್ಕೆ ತೋರಿಸಿ, ತನ್ನ ವಿಲಾಯತ್ತಿನ ಅಭ್ಯರ್ಥಿಯನ್ನು ಆರಿಸಿ ಮುಗಿಸಿದಳು. 'ಅಂತಖಿಬ್' ಎಂಬ ಆ್ಯಪ್‌ನಲ್ಲಿ ಇಡೀ ದೇಶದ ಮತದಾನ ನಡೆದುಹೋಯಿತು. 2003ರಲ್ಲಿ, ಸೇನೆ ಮತ್ತು ಭದ್ರತಾ ಪಡೆಗಳವರನ್ನು ಬಿಟ್ಟು, 21 ವರ್ಷ ತುಂಬಿದ ಎಲ್ಲ ಪ್ರಜೆಗಳಿಗೂ ಮತಾಧಿಕಾರ ದೊರೆತ ಈ ದೇಶ, ಇಪ್ಪತ್ತೇ ವರ್ಷಗಳಲ್ಲಿ ಮತಗಟ್ಟೆಯನ್ನು ಜೇಬಿಗಿಳಿಸಿಕೊಂಡಿತು.

"ನಿಮ್ಮಲ್ಲಿ ಹೀಗೇಕೆ ಮಾಡುವುದಿಲ್ಲ ಡಾಕ್ಟರ್?" ಎಂದು ಅವಳು ಕೇಳಿದಳು. ನಮ್ಮಲ್ಲಿ ಮತದಾರರು 90 ಕೋಟಿಗೂ ಹೆಚ್ಚು, ಮತಗಟ್ಟೆಗಳು 10 ಲಕ್ಷಕ್ಕೂ ಹೆಚ್ಚು ಎಂದು ನಾನು ಹೇಳಿದೆ. ಕೆಲವು ತಿಂಗಳ ಬಳಿಕ 2024ರ ಲೋಕಸಭಾ ಚುನಾವಣೆ ಘೋಷಣೆಯಾದಾಗ ಆಯೋಗವೇ ಲೆಕ್ಕ ಕೊಟ್ಟಿತು: ಹತ್ತೂವರೆ ಲಕ್ಷ ಮತಗಟ್ಟೆ, ಒಂದೂವರೆ ಕೋಟಿ ಸಿಬ್ಬಂದಿ ಮತ್ತು ಭದ್ರತಾಪಡೆ. ಒಮಾನಿನ ಒಟ್ಟು ಜನಸಂಖ್ಯೆಯೇ 50 ಲಕ್ಷದ ಆಸುಪಾಸು. ಈ ದೇಶದ ಮೂರು ಪಟ್ಟು ಜನ ಒಂದು ಚುನಾವಣೆಯ ಕೆಲಸಕ್ಕೆ ನಿಲ್ಲುತ್ತಾರೆ ಎಂದಾಗ ಅವಳು ಕೇಳಿದ ಮರುಪ್ರಶ್ನೆ ಒಂದೇ: "ಅಷ್ಟೊಂದು ಜನ ಯಾರು?"

ಯಾರೆಂದರೆ ನಮ್ಮ ಮೇಷ್ಟರುಗಳು, ಟೀಚರುಗಳು, ಗುಮಾಸ್ತರು, ಗ್ರಾಮ ಲೆಕ್ಕಿಗರು. ಊರು ಬಿಟ್ಟು ಬಂದ ನಾವು ಈ ಜನರನ್ನು ಸುಲಭವಾಗಿ ಮರೆತಿದ್ದೇವೆ. ಫಲಿತಾಂಶದ ಮರುದಿನ ಇಲ್ಲಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ "ಆ ಮತಗಟ್ಟೆಯ ಲೆಕ್ಕ ತಾಳೆಯಾಗಿಲ್ಲವಂತೆ" ಎಂಬ ಸುದ್ದಿ ಹರಿದಾಡುತ್ತದೆ. ಗೆದ್ದ ಪಕ್ಷದವರು ನಗುತ್ತಾರೆ, ಸೋತವರು ಸಂಚು ಎನ್ನುತ್ತಾರೆ. ಮೇಜಿನ ಆ ಬದಿಯಲ್ಲಿ ಕುಳಿತಿದ್ದವರು ಎಷ್ಟು ಗಂಟೆ ನಿದ್ದೆ ಮಾಡಿದ್ದರು ಎಂದು ಕೇಳುವವರು ಕಡಿಮೆ. ನನ್ನದು ಮೇಷ್ಟರ ಮನೆತನ. ತಂದೆ, ಅಕ್ಕ, ಭಾವ ಮೂವರೂ ಆ ಬದಿಯಲ್ಲಿ ಕುಳಿತವರಾದ್ದರಿಂದ ಆ ಪ್ರಶ್ನೆಯನ್ನು ಕೇಳುವುದು ನನಗೆ ರೂಢಿ.

ವೈದ್ಯರನ್ನು ಸಾಮಾನ್ಯವಾಗಿ ಮತಗಟ್ಟೆಯ ಕೆಲಸಕ್ಕೆ ಹಾಕುವುದಿಲ್ಲ. 1999ರಲ್ಲಿ ಕರ್ನಾಟಕದಲ್ಲಿ ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೆ ಚುನಾವಣೆ ಬಂದಾಗ ನಾನು ಪ್ರಾಥಮಿಕ ಆರೋಗ್ಯ ಕೇಂದ್ರವೊಂದರ ವೈದ್ಯಾಧಿಕಾರಿ. ತಾಲ್ಲೂಕು ಕೇಂದ್ರದ ಕಾಲೇಜು ಮೈದಾನದ ಮಸ್ಟರಿಂಗ್ ಕೇಂದ್ರದಲ್ಲಿ ಪ್ರಥಮ ಚಿಕಿತ್ಸೆಯ ಮೇಜು ನನ್ನ ಪಾಲಿಗೆ ಬಂದಿತ್ತು. ಬೆಳಿಗ್ಗೆ ಎಂಟಕ್ಕೆ ಸೇರಿದ ಸಿಬ್ಬಂದಿಗೆ ಪೆಟ್ಟಿಗೆ, ಮತಪತ್ರ, ಅರಗು, ನೂಲು, ಹತ್ತಾರು ಲಕೋಟೆಗಳನ್ನು ಎಣಿಸಿಕೊಡುವಷ್ಟರಲ್ಲಿ ಮಧ್ಯಾಹ್ನ ದಾಟಿತು. ನನ್ನ ಬಳಿಗೆ ಬಂದ ದೂರುಗಳಲ್ಲಿ ಗಾಯ, ಜ್ವರ ಕಡಿಮೆ. ಮಾತ್ರೆ ನುಂಗಿ ಊಟ ತಪ್ಪಿಸಿಕೊಂಡು ಸಕ್ಕರೆ ಕುಸಿದು ಬೆವೆತ ಮಧುಮೇಹಿಗಳೇ ಹೆಚ್ಚು. ಶೌಚಾಲಯ ಹೇಗಿರುವುದೋ ಎಂಬ ಭಯಕ್ಕೆ ಬೆಳಗಿನಿಂದ ನೀರನ್ನೇ ಮುಟ್ಟದೆ ತಲೆ ಸುತ್ತಿದ ಶಿಕ್ಷಕಿಯರೂ ಹಲವರಿದ್ದರು. ಮರುದಿನ ರಾತ್ರಿ ಅವರೇ ಪೆಟ್ಟಿಗೆ ಹೊತ್ತು ಹಿಂದಿರುಗಿದಾಗ ಕಣ್ಣುಗಳು ಕೆಂಪಾಗಿದ್ದವು. ಲಕೋಟೆಗಳನ್ನು ಮರಳಿಸುವ ಮೇಜಿನ ಮುಂದೆ ಒಂದು ನಮೂನೆಯಲ್ಲಿ ಒಂದು ಸಹಿ ಬಿಟ್ಟುಹೋದರೂ ಮತ್ತೆ ಸಾಲಿನ ಕೊನೆಗೆ ಹೋಗಬೇಕು. ಹತ್ತಿರ ಹತ್ತಿರ ನಲವತ್ತು ಗಂಟೆ ಎಚ್ಚರವಿದ್ದ ಮಿದುಳಿನಿಂದ ಬರುವ ಸಹಿ ಅದು.

ಮತಯಂತ್ರ ಬಂದ ಮೇಲೆ ಹೊರೆ ಹಗುರವಾಯಿತು, ಆದರೆ ತಪ್ಪಿಗೆ ಹೊಸ ಜಾಗಗಳು ಹುಟ್ಟಿದವು. ಮತದಾನಕ್ಕೆ ಒಂದೂವರೆ ಗಂಟೆ ಮುಂಚೆ, ಏಜೆಂಟರ ಎದುರಿನಲ್ಲಿ ಅಣಕು ಮತದಾನ ನಡೆಯಬೇಕು. ಕನಿಷ್ಠ 50 ಮತ ಒತ್ತಿ, ಯಂತ್ರದ ಲೆಕ್ಕವನ್ನೂ ವಿವಿಪ್ಯಾಟ್ ಚೀಟಿಗಳ ಲೆಕ್ಕವನ್ನೂ ತಾಳೆ ನೋಡಬೇಕು. ಆ ಬಳಿಕ ಕಂಟ್ರೋಲ್ ಯುನಿಟ್ಟಿನ 'ಕ್ಲಿಯರ್' ಗುಂಡಿ ಒತ್ತಿ ಆ ಮತಗಳನ್ನು ಅಳಿಸಬೇಕು, ಚೀಟಿಗಳನ್ನು ಹೊರತೆಗೆದು ಕಪ್ಪು ಲಕೋಟೆಯಲ್ಲಿಟ್ಟು ಮೊಹರು ಮಾಡಬೇಕು, ಯಂತ್ರಕ್ಕೆ ಕಾಗದದ ಮುದ್ರೆ ಹಾಕಬೇಕು. ಓದುವಾಗ ಇದರಲ್ಲಿ ಯಾವ ತೊಡಕೂ ಕಾಣುವುದಿಲ್ಲ. ಹೊಸ ಊರಿನಲ್ಲಿ ಶಾಲೆಯ ಬೆಂಚಿನ ಮೇಲೆ ಮಲಗೆದ್ದು, ಮಂದ ಬೆಳಕಿನಲ್ಲಿ, ಪರಸ್ಪರ ಮುಖ ನೋಡದ ಏಜೆಂಟರ ನಡುವೆ ಮಾಡುವಾಗ ಹಾಗಲ್ಲ.

2023ರ ಮೇ 10ರ ವಿಧಾನಸಭಾ ಚುನಾವಣೆಯಲ್ಲಿ ನನ್ನ ಅಕ್ಕ ಒಂದು ಹಳ್ಳಿಯ ಮತಗಟ್ಟೆಗೆ ಅಧ್ಯಕ್ಷಾಧಿಕಾರಿ, ಎಲ್ಲರೂ ಕರೆಯುವಂತೆ ಪಿಆರ್‌ಒ. ಮುಖ್ಯೋಪಾಧ್ಯಾಯಿನಿಯಾಗಿದ್ದ ಅವಳ ನಿವೃತ್ತಿಗೆ ಆಗ ಹದಿನಾಲ್ಕು ತಿಂಗಳು ಉಳಿದಿದ್ದವು. ಐದೂವರೆಗೆ ಬರಬೇಕಿದ್ದ ಏಜೆಂಟರಲ್ಲಿ ಒಬ್ಬ ಆರಕ್ಕೆ ಬಂದ. ಅಣಕು ಮತದಾನ ಮುಗಿದು ಲೆಕ್ಕ ಸರಿಯಾಯಿತು. ಆಗ ಕುರ್ಚಿಯ ವಿಷಯಕ್ಕೆ ಇಬ್ಬರು ಏಜೆಂಟರ ನಡುವೆ ಮಾತು ಬೆಳೆಯಿತು. ಬಾಗಿಲ ಹೊರಗೆ ಬಿಸಿಲೇರುವ ಮುನ್ನ ಮತ ಹಾಕಿ ಹೊಲಕ್ಕೆ ಹೋಗಬೇಕಿದ್ದವರು ಗದ್ದಲವೆಬ್ಬಿಸಿದ್ದರು. ಅಕ್ಕ ಜಗಳ ಬಿಡಿಸಿದಳು, ಚೀಟಿಗಳನ್ನು ಕಪ್ಪು ಲಕೋಟೆಗೆ ಹಾಕಿ ಮೊಹರು ಮಾಡಿದಳು, ಮುದ್ರೆಗಳಿಗೆ ಸಹಿ ಪಡೆದಳು, ಏಳಕ್ಕೆ ಸರಿಯಾಗಿ ಮತದಾನ ಆರಂಭಿಸಿದಳು. ಕ್ಲಿಯರ್ ಗುಂಡಿ ಒತ್ತುವುದು ಉಳಿದುಹೋಗಿತ್ತು.

ಒಂಬತ್ತು ಗಂಟೆಗೆ ಶೇಕಡಾವಾರು ವರದಿ ಕೊಡಲು ಅವಳು 'ಟೋಟಲ್' ಒತ್ತಿದಾಗ ಯಂತ್ರ 162 ತೋರಿಸಿತು. 17ಎ ರಿಜಿಸ್ಟರಿನಲ್ಲಿ ಸಹಿ ಮಾಡಿದವರು 112. "ಐವತ್ತು ಅನ್ನುವ ಸಂಖ್ಯೆ ಕಂಡ ಕೂಡಲೇ ಕೈ ತಣ್ಣಗಾಯಿತು ಕಣೋ" ಎಂದು ಆ ರಾತ್ರಿ ಅವಳು ಫೋನಿನಲ್ಲಿ ಹೇಳಿದ್ದು ನನಗೆ ಇನ್ನೂ ಕೇಳಿಸುತ್ತದೆ. ಯಾರೂ ಗಮನಿಸಿರಲಿಲ್ಲ. ಅವಳು ಮೊದಲು ಮಾಡಿದ ಕೆಲಸವೆಂದರೆ ಸೆಕ್ಟರ್ ಅಧಿಕಾರಿಗೆ ಕರೆ ಮಾಡಿದ್ದು. ಎರಡನೆಯದು, ಏಜೆಂಟರನ್ನು ಕರೆದು ಆದದ್ದನ್ನು ಆದಂತೆ ಹೇಳಿ ಡೈರಿಯಲ್ಲಿ ಬರೆದು ಸಹಿ ತೆಗೆದುಕೊಂಡದ್ದು. ಮತದಾನ ಮುಂದುವರಿಸಲು ಸೂಚನೆ ಬಂತು, ಸಂಜೆಯವರೆಗೆ ನಡೆಯಿತು.

ಇಂಥ ಯಂತ್ರವನ್ನು ಏನು ಮಾಡುತ್ತಾರೆ? ಎಣಿಕೆಯ ದಿನ ಪಕ್ಕಕ್ಕಿಡುತ್ತಾರೆ. ಗೆಲುವಿನ ಅಂತರ ಅಂಥ ಮತಗಟ್ಟೆಗಳ ಒಟ್ಟು ಮತಕ್ಕಿಂತ ಹೆಚ್ಚಿದ್ದರೆ ಫಲಿತಾಂಶಕ್ಕೆ ಅದರ ಅಗತ್ಯ ಬೀಳುವುದಿಲ್ಲ. ಕಡಿಮೆಯಿದ್ದರೆ ವಿವಿಪ್ಯಾಟ್ ಚೀಟಿಗಳನ್ನು ಎಣಿಸುತ್ತಾರೆ. ಅಣಕು ಮತದ ಚೀಟಿಗಳು ಆಗಲೇ ಕಪ್ಪು ಲಕೋಟೆ ಸೇರಿದ್ದರಿಂದ ಪೆಟ್ಟಿಗೆಯಲ್ಲಿ ಉಳಿದಿದ್ದವು ನಿಜವಾದ ಮತದ ಚೀಟಿಗಳು ಮಾತ್ರ. ಅಂದರೆ ಒಬ್ಬ ಮತದಾರನ ಮತವೂ ಕಳೆದುಹೋಗಿರಲಿಲ್ಲ. ಆ ಕ್ಷೇತ್ರದಲ್ಲಿ ಅಂತರ ದೊಡ್ಡದಿತ್ತು, ಎಣಿಸುವ ಪ್ರಸಂಗವೂ ಬರಲಿಲ್ಲ. ನೋಟಿಸ್ ಮಾತ್ರ ಬಂತು. ಕರ್ತವ್ಯಲೋಪಕ್ಕೆ ವಿವರಣೆ ಕೊಡಿ ಎಂಬ ಎರಡು ಸಾಲಿನ ಪತ್ರ. ಇಲಾಖಾ ವಿಚಾರಣೆ ಬಾಕಿಯಿರುವಾಗ ನಿವೃತ್ತಳಾದರೆ ಗ್ರಾಚ್ಯುಟಿ ತಡೆಹಿಡಿಯುತ್ತಾರೆ ಎಂದು ಸಹೋದ್ಯೋಗಿಗಳು ಹೆದರಿಸಿದರು. ಮೂವತ್ತಮೂರು ವರ್ಷ ಪಾಠ ಹೇಳಿದವಳಿಗೆ ರಾತ್ರಿ ನಿದ್ದೆ ಹತ್ತದಾಯಿತು, ರಕ್ತದೊತ್ತಡದ ಮಾತ್ರೆ ಒಂದರಿಂದ ಎರಡಾಯಿತು. ಏಳು ತಿಂಗಳ ನಂತರ ಎಚ್ಚರಿಕೆಯ ಪತ್ರದೊಂದಿಗೆ ಕಡತ ಮುಚ್ಚಿತು. ಅವಳನ್ನು ಉಳಿಸಿದ್ದು ಆ ಡೈರಿಯ ಪುಟವೇ ಎಂದು ನಾನು ನಂಬಿದ್ದೇನೆ. ತಪ್ಪನ್ನು ಕಂಡವಳೂ ಬರೆದವಳೂ ಅವಳೇ ಆಗಿದ್ದಳು.

ಈ ತಪ್ಪು ಅಪರೂಪದ್ದಲ್ಲ, ಸುಪ್ರೀಂ ಕೋರ್ಟಿನ ದಾಖಲೆಯನ್ನೂ ಸೇರಿದೆ. ಮತಯಂತ್ರಗಳ ವಿಶ್ವಾಸಾರ್ಹತೆಯ ಬಗ್ಗೆ 2024ರ ಏಪ್ರಿಲ್ 26ರಂದು ಬಂದ ತೀರ್ಪಿನಲ್ಲಿ ಒಂದು ಅಂಶವಿದೆ. 2019ರ ಲೋಕಸಭಾ ಚುನಾವಣೆಯಲ್ಲಿ 20,687 ವಿವಿಪ್ಯಾಟ್‌ಗಳ ಚೀಟಿಗಳನ್ನು ಕೈಯಿಂದ ಎಣಿಸಿದಾಗ ವ್ಯತ್ಯಾಸ ಕಂಡದ್ದು ಒಂದೇ ಕಡೆ, ಆಂಧ್ರದ ಮೈದುಕೂರು ಕ್ಷೇತ್ರದ 63ನೇ ಮತಗಟ್ಟೆಯಲ್ಲಿ. ಕಾರಣ, ಅಣಕು ಮತದಾನದ ಮತಗಳನ್ನು ಅಳಿಸಿರಲಿಲ್ಲ. ಅದೇ ಏಪ್ರಿಲ್ 26 ಕರ್ನಾಟಕದಲ್ಲಿ ಮೊದಲ ಹಂತದ ಮತದಾನದ ದಿನವೂ ಆಗಿತ್ತು. ಮಲೆ ಮಹದೇಶ್ವರ ಬೆಟ್ಟದ ಇಂಡಿಗನತ್ತದಲ್ಲಿ ರಸ್ತೆ, ನೀರು, ಕರೆಂಟಿಲ್ಲದೆ ಬೇಸತ್ತು ಬಹಿಷ್ಕಾರ ಹಾಕಿದ್ದ ಊರಿನಲ್ಲಿ ಘರ್ಷಣೆಯಾಗಿ ಮತಯಂತ್ರ ಒಡೆಯಿತು, 29ರಂದು ಮರುಮತದಾನ ನಡೆಯಿತು. ಸಿಬ್ಬಂದಿ ಎದುರಿಸುವುದು ಗುಂಡಿಗಳನ್ನಷ್ಟೇ ಅಲ್ಲ.

ವೈದ್ಯನಾಗಿ ನನಗೆ ಅಕ್ಕನ ಕಥೆಯಲ್ಲಿ ಕಾಣುವುದು ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಯ ಸುರಕ್ಷತಾ ಪಟ್ಟಿಯನ್ನು ತಂದದ್ದು ಶಸ್ತ್ರಚಿಕಿತ್ಸಕರಿಗೆ ವಿದ್ಯೆ ಕಡಿಮೆಯಾಗಿದೆ ಎಂದಲ್ಲ. ಗೊತ್ತಿರುವ ಹೆಜ್ಜೆಯೇ ಗದ್ದಲದ ನಡುವೆ ತಪ್ಪಿಹೋಗುತ್ತದೆ ಎಂದು. ಚರ್ಮಕ್ಕೆ ಕತ್ತರಿ ತಾಗುವ ಮುನ್ನ ಎಲ್ಲರೂ ಕೈ ನಿಲ್ಲಿಸಿ, ರೋಗಿಯ ಹೆಸರು, ಅಂಗ, ಚಿಕಿತ್ಸೆಯನ್ನು ಗಟ್ಟಿಯಾಗಿ ಹೇಳಬೇಕು. ಮತಗಟ್ಟೆಯಲ್ಲೂ ಅಣಕು ಮತದಾನದ ಪ್ರಮಾಣಪತ್ರವಿದೆ, ಆದರೆ ಅದನ್ನು ಒಬ್ಬರು ಗಟ್ಟಿಯಾಗಿ ಓದಿ ಇನ್ನೊಬ್ಬರು ಉತ್ತರಿಸುವ ರೂಢಿ ಬೇರೂರಿಲ್ಲ. ತರಬೇತಿಯಲ್ಲಿ ನೂರಾರು ಜನ ಸಭಾಂಗಣದಲ್ಲಿ ಕುಳಿತು ಪರದೆ ನೋಡುತ್ತಾರೆ, ಯಂತ್ರ ಮುಟ್ಟುವ ಅವಕಾಶ ಮುಂದಿನ ಸಾಲಿನವರಿಗೆ.

ಇನ್ನೊಂದು ಸಾಮ್ಯ ಹೆಸರಿನದು. ಒಮಾನಿನಲ್ಲಿ ಒಂದು ದಿನದ ಹೊರರೋಗಿ ಪಟ್ಟಿಯಲ್ಲಿ ಮೊಹಮ್ಮದ್ ಬಿನ್ ಸಾಲಿಮ್ ಎಂಬವರು ಮೂವರಿದ್ದರೆ ಆಶ್ಚರ್ಯವಿಲ್ಲ, ಮೂವರದೂ ಒಂದೇ ಕಬೀಲೆಯ ಹೆಸರಾಗಿರಬಹುದು. ಆದ್ದರಿಂದ ಹೆಸರಿನ ಜೊತೆಗೆ ಆಸ್ಪತ್ರೆಯ ಸಂಖ್ಯೆಯನ್ನೋ ಜನ್ಮದಿನಾಂಕವನ್ನೋ ನೋಡದೆ ಯಾವ ಸೂಜಿಯನ್ನೂ ಚುಚ್ಚುವಂತಿಲ್ಲ. ನಮ್ಮ ಹಳ್ಳಿಗಳ ಪಟ್ಟಿಯಲ್ಲಿ ಹನುಮಂತಪ್ಪ, ಲಕ್ಷ್ಮಮ್ಮರ ಕಥೆಯೂ ಅದೇ. ಮೊದಲ ಮತಗಟ್ಟೆ ಅಧಿಕಾರಿ ಚೀಟಿ ನೋಡಿ ಹೆಸರು ಕೂಗಿ ಪಟ್ಟಿಯಲ್ಲಿ ಗೆರೆ ಎಳೆಯುತ್ತಾರೆ. ಗೆರೆ ಒಂದು ಸಾಲು ಕೆಳಗೆ ಬಿದ್ದರೆ ಮಧ್ಯಾಹ್ನ ಬರುವ ಎರಡನೆಯ ಲಕ್ಷ್ಮಮ್ಮನಿಗೆ "ನಿಮ್ಮ ವೋಟು ಆಗಿದೆಯಲ್ಲಮ್ಮ" ಎಂಬ ಉತ್ತರ. ಬೆರಳಿನಲ್ಲಿ ಶಾಯಿಯಿಲ್ಲ, ಪಟ್ಟಿಯಲ್ಲಿ ಗೆರೆಯಿದೆ. ಆಗ ಅವಳಿಗೆ ಸಿಗುವುದು ಟೆಂಡರ್ಡ್ ಮತಪತ್ರ. 1961ರ ಚುನಾವಣಾ ನಿಯಮಗಳ 49ಪಿ ಅದರ ಆಧಾರ. ಕಾಗದದ ಮೇಲೆ ಗುರುತು ಹಾಕಿ ಪ್ರತ್ಯೇಕ ಲಕೋಟೆಗೆ ಸೇರುವ ಆ ಮತವನ್ನು ಸಾಮಾನ್ಯ ಎಣಿಕೆಯಲ್ಲಿ ಸೇರಿಸುವುದಿಲ್ಲ, ನ್ಯಾಯಾಲಯ ಕೇಳಿದರೆ ಮಾತ್ರ ಅದು ಹೊರಬರುತ್ತದೆ. ಕ್ಲಿಯರ್ ಗುಂಡಿ ಮರೆತರೆ ಸರಿಪಡಿಸುವ ದಾರಿಯಿದೆ. ತಪ್ಪು ಸಾಲಿಗೆ ಬಿದ್ದ ಗೆರೆಯನ್ನು ಅಷ್ಟು ಸುಲಭವಾಗಿ ಸರಿಪಡಿಸಲಾಗದು. ನನ್ನ ಮಟ್ಟಿಗೆ ಮತಗಟ್ಟೆಯ ನಿಜವಾದ ಅಪಾಯ ಯಂತ್ರದಲ್ಲಿಲ್ಲ, ಆ ಪೆನ್ನಿನ ತುದಿಯಲ್ಲಿದೆ.

ಇದನ್ನು ಮಸ್ಕತ್ತಿನಲ್ಲಿಯೇ ಕಂಡಿದ್ದೇನೆ. ಭಾರತೀಯರ ಒಂದು ಸಂಸ್ಥೆಯ ಆಡಳಿತ ಮಂಡಳಿಯ ಚುನಾವಣೆಯಲ್ಲಿ ಸ್ವಯಂಸೇವಕನಾಗಿ ಸರತಿ ನೋಡಿಕೊಳ್ಳುತ್ತಿದ್ದೆ. ಒಂದೇ ಹೆಸರು, ಒಂದೇ ತಂದೆಯ ಹೆಸರಿನ ಇಬ್ಬರು ಸದಸ್ಯರಲ್ಲಿ ಮೊದಲು ಬಂದವರ ಗೆರೆ ಎರಡನೆಯವರ ಸಾಲಿಗೆ ಬಿದ್ದಿತ್ತು. ಎರಡನೆಯವರು ಬಂದಾಗ ಧ್ವನಿಗಳು ಏರಿದವು. ಸದಸ್ಯತ್ವದ ಸಂಖ್ಯೆ ನೋಡಿದಾಗ ಐದು ನಿಮಿಷದಲ್ಲಿ ಇತ್ಯರ್ಥವಾಯಿತು. ಕೆಲವೇ ನೂರು ಜನ, ಹವಾನಿಯಂತ್ರಿತ ಸಭಾಂಗಣ, ಎಲ್ಲರೂ ಓದು ಬಲ್ಲವರು. ಆದರೂ ಆಯಿತು.

ಒಂದು ಗೆರೆ ಎಷ್ಟು ತೂಗುತ್ತದೆ ಎಂಬುದಕ್ಕೆ ಕರ್ನಾಟಕದಲ್ಲಿಯೇ ಲೆಕ್ಕವಿದೆ. 2004ರಲ್ಲಿ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ 40,752 ಮತ ಪಡೆದರೆ ಎ.ಆರ್. ಕೃಷ್ಣಮೂರ್ತಿ ಪಡೆದದ್ದು 40,751. 2023ರಲ್ಲಿ ಬೆಂಗಳೂರಿನ ಜಯನಗರದ ಅಂತರ 16.

ಇನ್ನು ಬಿಸಿಲು. ಒಮಾನಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರೂವರೆಯ ತನಕ ಬಯಲಿನ ಕೆಲಸಕ್ಕೆ ಕಾನೂನಿನ ನಿಷೇಧವಿದೆ. ಶಾಖಾಘಾತದ ರೋಗಿಯನ್ನು ಹಿಮದ ಚೀಲಗಳ ನಡುವೆ ಮಲಗಿಸಿದ ಯಾವ ವೈದ್ಯನಿಗೂ ಆ ನಿಯಮದ ಬೆಲೆ ಗೊತ್ತು. ನಮ್ಮ ಮತದಾನ ಏಪ್ರಿಲ್‌ನಿಂದ ಜೂನ್ ಒಂದರವರೆಗೆ ನಡೆಯಿತು. 2024ರ ಕೊನೆಯ ಹಂತದ ದಿನ ಉತ್ತರ ಪ್ರದೇಶದಲ್ಲಿ ಚುನಾವಣಾ ಕೆಲಸದಲ್ಲಿದ್ದ 33 ಜನ ಬಿಸಿಲಿಗೆ ಸತ್ತರೆಂದು ಆ ರಾಜ್ಯದ ಮುಖ್ಯ ಚುನಾವಣಾಧಿಕಾರಿಯೇ ಹೇಳಿದರು. ಊರಿನಲ್ಲಿ ಚುನಾವಣಾ ಕರ್ತವ್ಯದ ಆದೇಶ ಬಂದಿರುವ ಬಂಧುಗಳಿಗೆ ನಾನು ಫೋನಿನಲ್ಲಿ ಹೇಳುವುದು ಇಷ್ಟೇ: ಓಆರ್‌ಎಸ್ ಪೊಟ್ಟಣ ನಾಲ್ಕಾದರೂ ಇರಲಿ, ಮಧುಮೇಹಿಗಳು ಮಾತ್ರೆಗಿಂತ ಮೊದಲು ತಿಂಡಿಯ ಡಬ್ಬಿ ನೋಡಿಕೊಳ್ಳಲಿ, ರಕ್ತದೊತ್ತಡಕ್ಕೆ ಮೂತ್ರವರ್ಧಕ ಮಾತ್ರೆ ನುಂಗುವವರು ಹೊರಡುವ ಮುನ್ನ ತಮ್ಮ ವೈದ್ಯರನ್ನು ಕೇಳಲಿ. ಎದೆನೋವು ಬಂದರೆ ಲಕೋಟೆ ಕಾಯಬಹುದು.

ಹೊರದೇಶಕ್ಕೆ ಹೊರಟಿರುವವರು ತಿಳಿಯಬೇಕಾದ ವಿಷಯವೊಂದಿದೆ. ಕೊಲ್ಲಿಯಲ್ಲಿ ನಮಗೆ ಪೌರತ್ವ ಸಿಗುವುದು ಇಲ್ಲವೆಂಬಷ್ಟು ಅಪರೂಪ. ಮೂವತ್ತು ವರ್ಷವಿದ್ದರೂ ನಾವು ಭಾರತದ ಪ್ರಜೆಗಳೇ, ಮತದಾರರೂ ಆಗಬಹುದು. ಆದರೆ ಮನೆಗೆ ಬಂದ ಬಿಎಲ್‌ಒಗೆ ನೆರೆಯವರು "ಅವರು ಮಸ್ಕತ್ತಿನಲ್ಲಿದ್ದಾರೆ" ಎಂದರೆ ಹೆಸರು 'ಸ್ಥಳಾಂತರಗೊಂಡವರ' ಪಟ್ಟಿಗೆ ಹೋಗುತ್ತದೆ, ಅದು ಬಿಎಲ್‌ಒ ತಪ್ಪಲ್ಲ. 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಗೆ ಸೇರಿದ 20ಎ ಕಲಮಿನಂತೆ 2011ರಿಂದ ಅನಿವಾಸಿಗಳಿಗೆ ನಮೂನೆ 6ಎ ಇದೆ. ಪಾಸ್‌ಪೋರ್ಟಿನಲ್ಲಿರುವ ವಿಳಾಸದ ಮತಗಟ್ಟೆಯ ಪಟ್ಟಿಗೆ ಹೆಸರು ಸೇರುತ್ತದೆ. ಹಳೆಯ ಮತದಾರರ ಗುರುತಿನ ಚೀಟಿಯನ್ನು ಒಪ್ಪಿಸಬೇಕು. ಅಂಚೆಯಲ್ಲಿ ಕಳಿಸುವಂತಿಲ್ಲ, ರಾಯಭಾರ ಕಚೇರಿಯಲ್ಲಿ ಹಾಕುವಂತಿಲ್ಲ, ಖುದ್ದಾಗಿ ಊರಿಗೆ ಹೋಗಬೇಕು. ಬದಲಿ ವ್ಯಕ್ತಿಯಿಂದ ಮತ ಹಾಕಿಸುವ ಮಸೂದೆ 2018ರಲ್ಲಿ ಲೋಕಸಭೆಯಲ್ಲಿ ಅಂಗೀಕಾರವಾದರೂ ಮುಂದೆ ಸಾಗದೆ ಬಿದ್ದುಹೋಯಿತು. ನನ್ನ ಈಜಿಪ್ತಿನ ಸಹೋದ್ಯೋಗಿಗಳು ತಮ್ಮ ಅಧ್ಯಕ್ಷರ ಚುನಾವಣೆಗೆ ರಾಯಭಾರ ಕಚೇರಿಗೆ ಹೋಗಿ ಬರುವುದನ್ನು ಕಂಡಾಗ ಸ್ವಲ್ಪ ಹೊಟ್ಟೆಕಿಚ್ಚಾಗುವುದು ನಿಜ. 2024ರಲ್ಲಿ ನೋಂದಾಯಿಸಿಕೊಂಡಿದ್ದ ಅನಿವಾಸಿ ಮತದಾರರು 1,19,374. ಬಂದು ಮತ ಹಾಕಿದವರು 2,958.

ಆ 2,958ರಲ್ಲಿ ಒಬ್ಬ ಸಲಾಲಾದಲ್ಲಿರುವ ನನ್ನ ಚಿಕ್ಕಪ್ಪನ ಮಗ. ಏಪ್ರಿಲ್ 26 ಶುಕ್ರವಾರ, ಒಮಾನಿನಲ್ಲಿ ವಾರದ ರಜೆ. ಎರಡು ದಿನ ರಜೆ ಸೇರಿಸಿಕೊಂಡು ಉಡುಪಿಯ ಬಳಿಯ ಊರಿಗೆ ಹೋಗಿದ್ದ. ಮತಗಟ್ಟೆಯಲ್ಲಿ ಮೊದಲ ಅಧಿಕಾರಿಗೆ ಮನೆ ಸಂಖ್ಯೆಯ ಜಾಗದಲ್ಲಿ ಅವನ ಹೆಸರು ಸಿಗಲಿಲ್ಲ. ಆಧಾರ್ ತೋರಿಸಿದ, ಅದನ್ನು ನೋಡಿ "ಪಟ್ಟಿಯಲ್ಲಿಲ್ಲ ಸರ್" ಎಂದರು. ಅವನು ಸಿಡುಕಿದ, ಸಾಲಿನವರೂ ಸಿಡುಕಿದರು. ಪಿಆರ್‌ಒ ಆಗಿದ್ದ ಯುವ ಉಪನ್ಯಾಸಕಿ ಅವನನ್ನು ಪಕ್ಕದ ಬೆಂಚಿನಲ್ಲಿ ಕೂರಿಸಿ ಕೈಪಿಡಿ ತೆರೆದು ಹುಡುಕಿದರು. ಅನಿವಾಸಿಗಳ ಹೆಸರು ಆ ಭಾಗದ ಪಟ್ಟಿಯ ಕಟ್ಟಕಡೆಯ ಪುಟದಲ್ಲಿ ಬೇರೆಯಾಗಿ ಇರುತ್ತದೆ, ಗುರುತಿಗೆ ಮೂಲ ಪಾಸ್‌ಪೋರ್ಟ್ ಮಾತ್ರ ನಡೆಯುತ್ತದೆ. ಅವನ ಪಾಸ್‌ಪೋರ್ಟ್ ಮನೆಯ ಕಪಾಟಿನಲ್ಲಿತ್ತು. ತಮ್ಮನ ಬೈಕಿನಲ್ಲಿ ಹೋಗಿ ತಂದ. "ತರಬೇತಿಯಲ್ಲಿ ಇದನ್ನು ಒಂದೇ ಸಾಲಿನಲ್ಲಿ ಹೇಳಿದ್ದರು ಸರ್, ನಾನು ಕಂಡ ಮೊದಲ ಅನಿವಾಸಿ ಮತದಾರರು ನೀವೇ" ಎಂದು ಆಕೆ ನಕ್ಕರಂತೆ. ಒಟ್ಟು ನಲವತ್ತು ನಿಮಿಷ ಹಿಡಿಯಿತು.

ಎಡಗೈ ತೋರುಬೆರಳಿಗೆ ಬಿದ್ದ ಶಾಯಿ ನಮ್ಮ ಮೈಸೂರಿನದು. ನಾಲ್ವಡಿಯವರ ಕಾಲದಲ್ಲಿ 1937ರಲ್ಲಿ ಹುಟ್ಟಿದ, ಈಗ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂದಾಗಿರುವ ಕಾರ್ಖಾನೆ 1962ರ ಚುನಾವಣೆಯಿಂದ ಅದನ್ನು ಒದಗಿಸುತ್ತಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟನ್ನೇ ನಾವು ವೈದ್ಯರು ಗಾಯದಲ್ಲಿ ಬೆಳೆದ ಹೆಚ್ಚಿನ ಮಾಂಸವನ್ನು ಸುಡಲು ಬಳಸುತ್ತೇವೆ. ಚರ್ಮದ ಕಲೆ ಕೆಲವು ವಾರಗಳಲ್ಲಿ ಹೋಗುತ್ತದೆ. ಉಗುರಿನದು ಉಗುರು ಬೆಳೆದು ಕತ್ತರಿಸಿದಾಗಲೇ ಹೋಗಬೇಕು, ತಿಂಗಳಿಗೆ ಸುಮಾರು ಮೂರು ಮಿಲಿಮೀಟರ್. ಸಲಾಲಾದಲ್ಲಿ ಖರೀಫ್ ಮಳೆ ಶುರುವಾದಾಗಲೂ ಅವನ ಉಗುರಿನ ಮೇಲೆ ಕಂದು ಗೆರೆಯೊಂದು ಉಳಿದಿತ್ತು. ಅಂಗಡಿಯ ಒಮಾನಿ ಯಜಮಾನ ಬಾಗಿಲಿಗೆ ಬೆರಳು ಸಿಕ್ಕಿಹಾಕಿಕೊಂಡಿತೇ ಎಂದು ಕೇಳಿದನಂತೆ.